ಕಾರು ವಿಮೆ: ಪ್ರೀಮಿಯಂ ನೋಡುವ ಮೊದಲು ನಷ್ಟದ ಲೆಕ್ಕ

ಕಾರಿನ ವಿಮೆ ಮುಗಿಯುವ ದಿನ ಹತ್ತಿರ ಬಂದಾಗ ಹೆಚ್ಚಿನವರು ನಾಲ್ಕಾರು ಕಂಪನಿಗಳ ದರಗಳನ್ನು ಮೊಬೈಲಿನಲ್ಲಿ ಹೋಲಿಸಿ ನೋಡಿ, ಎಲ್ಲಕ್ಕಿಂತ ಕಡಿಮೆ ಇರುವುದಕ್ಕೆ ಹಣ ಕಟ್ಟಿ, ಇಮೇಲಿಗೆ ಬಂದ ಪಾಲಿಸಿಯನ್ನು ತೆರೆದೂ ನೋಡದೆ ಸುಮ್ಮನಾಗುತ್ತಾರೆ. ಒಂದೇ ಕಾರಿಗೆ ಒಂದು ಕಂಪನಿ 13,000 ರೂಪಾಯಿ ಕೇಳಿ ಇನ್ನೊಂದು 9,000 ರೂಪಾಯಿಗೆ ಒಪ್ಪಿಕೊಂಡರೆ, ಆ ನಾಲ್ಕು ಸಾವಿರ ಎಲ್ಲಿ ಉಳಿಯಿತು ಎಂದು ಕೇಳುವವರು ಕಡಿಮೆ. ಆ ಪ್ರಶ್ನೆಗೆ ಉತ್ತರ ಸಿಗುವುದು ಅಪಘಾತವಾದ ಮೇಲೆ, ವಿಮೆಯ ಹಣ ಕಳೆದು ಮಾಲೀಕರು ಇಷ್ಟು ಕಟ್ಟಬೇಕು ಎಂದು ಗ್ಯಾರೇಜಿನವರು ಚೀಟಿ ಕೊಟ್ಟಾಗ.

ವಿಮೆಯ ಆಯ್ಕೆ ಪ್ರೀಮಿಯಂನಿಂದ ಶುರುವಾಗಬಾರದು, ನಷ್ಟದಿಂದ ಶುರುವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾವ ನಷ್ಟವನ್ನು ನಮ್ಮ ಉಳಿತಾಯದಿಂದಲೇ ಭರಿಸಬಹುದು, ಯಾವುದು ಎದುರಾದರೆ ಮನೆ ಮಾರಬೇಕಾದೀತು ಎಂಬುದನ್ನು ಮೊದಲು ವಿಂಗಡಿಸಿಕೊಂಡರೆ, ಪಾಲಿಸಿಯ ಯಾವ ಭಾಗಕ್ಕೆ ಹಣ ಕೊಡಬೇಕು, ಯಾವುದನ್ನು ಬಿಡಬಹುದು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಭಾರತದಲ್ಲಿ ಖಾಸಗಿ ಕಾರಿಗೆ ನಾವು ಕೊಳ್ಳುವ ‘ಫುಲ್ ಇನ್ಶೂರೆನ್ಸ್’ ವಾಸ್ತವವಾಗಿ ಮೂರು ಬೇರೆ ಬೇರೆ ರಕ್ಷಣೆಗಳ ಕಟ್ಟು: ನಮ್ಮ ಕಾರಿನಿಂದ ಇತರರಿಗಾಗುವ ಹಾನಿ, ನಮ್ಮ ಕಾರಿಗೇ ಆಗುವ ಹಾನಿ ಮತ್ತು ಕಾರು ಓಡಿಸುವ ಮಾಲೀಕರ ಜೀವ ಹಾಗೂ ದೇಹಕ್ಕೆ ಆಗುವ ಹಾನಿ. ಮೂರಕ್ಕೂ ನಿಯಮಗಳು ಬೇರೆ, ದರ ನಿಗದಿಯಾಗುವ ರೀತಿ ಬೇರೆ.

ಥರ್ಡ್ ಪಾರ್ಟಿ: ಕಾನೂನು ಕಡ್ಡಾಯ ಮಾಡಿರುವ ಭಾಗ

1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಥರ್ಡ್ ಪಾರ್ಟಿ ವಿಮೆಯಿಲ್ಲದೆ, ಅಂದರೆ ಇತರರಿಗಾಗುವ ಹಾನಿಯ ವಿಮೆಯಿಲ್ಲದೆ, ಯಾವ ವಾಹನವನ್ನೂ ಸಾರ್ವಜನಿಕ ರಸ್ತೆಗೆ ಇಳಿಸುವಂತಿಲ್ಲ. ತಪ್ಪಿದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 4,000 ರೂಪಾಯಿ. ಪೊಲೀಸರ ಈ ದಂಡಕ್ಕೆ ಹೆದರಿ ವಿಮೆ ಮಾಡಿಸುವವರೇ ಹೆಚ್ಚು. ಆದರೆ ವಿಮೆಯಿಲ್ಲದ ಕಾರಿನ ಮಾಲೀಕರು ನಿಜವಾಗಿ ಹೆದರಬೇಕಾದದ್ದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಹಾಕುವ ಲೆಕ್ಕಕ್ಕೆ. ಆ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು.

ಅಪಘಾತದಲ್ಲಿ 32 ವರ್ಷದ ಒಬ್ಬರು ತೀರಿಕೊಂಡರು, ಅವರಿಗೆ ಕಾಯಂ ಉದ್ಯೋಗವಿತ್ತು, ತೆರಿಗೆ ಕಳೆದು ತಿಂಗಳಿಗೆ 40,000 ರೂಪಾಯಿ ಸಂಬಳ ಬರುತ್ತಿತ್ತು, ಮನೆಯಲ್ಲಿ ನಾಲ್ವರು ಅವಲಂಬಿತರಿದ್ದಾರೆ ಎಂದಿಟ್ಟುಕೊಳ್ಳಿ. ವರ್ಷದ ಆದಾಯ 4.8 ಲಕ್ಷ. ಕಾಯಂ ಉದ್ಯೋಗದಲ್ಲಿದ್ದ 40 ವರ್ಷದೊಳಗಿನವರಿಗೆ ಮುಂದಿನ ಬಡ್ತಿ ಮತ್ತು ಸಂಬಳ ಏರಿಕೆಯ ಬಾಬ್ತು ಶೇ. 50 ಸೇರಿಸಬೇಕೆಂದು ಸುಪ್ರೀಂ ಕೋರ್ಟ್ 2017ರ ಪ್ರಣಯ್ ಸೇಠಿ ಪ್ರಕರಣದಲ್ಲಿ ಹೇಳಿದೆ. ಆಗ ಅದು 7.2 ಲಕ್ಷವಾಗುತ್ತದೆ. ಮೃತರ ಸ್ವಂತ ಖರ್ಚಿಗೆಂದು ನಾಲ್ಕನೇ ಒಂದು ಭಾಗ ಕಳೆದರೆ ಉಳಿಯುವುದು 5.4 ಲಕ್ಷ. 31ರಿಂದ 35ರ ವಯಸ್ಸಿನವರಿಗೆ ಈ ಮೊತ್ತವನ್ನು 16ರಿಂದ ಗುಣಿಸಬೇಕೆಂದು 2009ರ ಸರಳಾ ವರ್ಮಾ ಪ್ರಕರಣದಲ್ಲಿ ನಿಗದಿಯಾಗಿದೆ. ಒಟ್ಟು 86.4 ಲಕ್ಷ ರೂಪಾಯಿ. ಅಂತ್ಯಕ್ರಿಯೆ ಮುಂತಾದವುಗಳ ಮೊತ್ತವೂ ಬಡ್ಡಿಯೂ ಇದರ ಮೇಲೆ. ತೀರಿಕೊಂಡವರ ಸಂಬಳ ಹೆಚ್ಚಾಗಿದ್ದಷ್ಟೂ ಪರಿಹಾರ ಬೆಳೆಯುತ್ತದೆ, ಮತ್ತು ನಮ್ಮ ಕಾರಿನ ಮುಂದೆ ಯಾರು ಬರುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ.

ಇದೇ ಕಾರಣಕ್ಕೆ ಥರ್ಡ್ ಪಾರ್ಟಿ ವಿಮೆಯಲ್ಲಿ ಸಾವು ಮತ್ತು ಗಾಯದ ಪರಿಹಾರಕ್ಕೆ ಮೇಲ್ಮಿತಿಯೇ ಇಲ್ಲ. ನ್ಯಾಯಮಂಡಳಿ ಎಷ್ಟು ಹೇಳಿದರೂ ಕಂಪನಿ ಕೊಡಬೇಕು. ಇನ್ನೊಬ್ಬರ ಆಸ್ತಿಗೆ, ಅಂದರೆ ಅವರ ಕಾರು, ಅಂಗಡಿ, ಕಾಂಪೌಂಡು ಮುಂತಾದವುಗಳಿಗೆ ಆಗುವ ಹಾನಿಗೆ ಮಾತ್ರ ಖಾಸಗಿ ಕಾರಿನ ಪಾಲಿಸಿಯಲ್ಲಿ 7.5 ಲಕ್ಷ ರೂಪಾಯಿಯ ಮಿತಿಯಿದೆ. ಸ್ವಲ್ಪ ಹಣ ಉಳಿಸಲು ಈ ಮಿತಿಯನ್ನು 6,000 ರೂಪಾಯಿಗೆ ಇಳಿಸಿಕೊಳ್ಳುವ ಅವಕಾಶವೂ ಪಾಲಿಸಿಯಲ್ಲಿದೆ. ದುಬಾರಿ ಕಾರಿನ ಒಂದು ಹೆಡ್‌ಲೈಟಿಗೂ ಸಾಲದ ಆ ಮಿತಿಯನ್ನು ಯಾರೂ ಒಪ್ಪಿಕೊಳ್ಳಬಾರದು.

ಥರ್ಡ್ ಪಾರ್ಟಿ ಪ್ರೀಮಿಯಂ ಅನ್ನು ನಿಗದಿ ಮಾಡುವುದು ಕಂಪನಿಗಳಲ್ಲ, ಸರ್ಕಾರ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ 1,000 ಸಿಸಿವರೆಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1,500 ಸಿಸಿವರೆಗೆ 3,416, ಅದಕ್ಕೂ ಮೇಲ್ಪಟ್ಟರೆ 7,897 ರೂಪಾಯಿ, ತೆರಿಗೆ ಪ್ರತ್ಯೇಕ. ಯಾವ ಕಂಪನಿಗೆ ಹೋದರೂ ಈ ಭಾಗದ ದರ ಒಂದೇ. ಹಾಗಾಗಿ ದರ ಹೋಲಿಸುವಾಗ ಕಾಣುವ ವ್ಯತ್ಯಾಸವೆಲ್ಲ ಪಾಲಿಸಿಯ ಉಳಿದ ಭಾಗದ್ದು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕೊಳ್ಳಬೇಕೆಂಬ ನಿಯಮ ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಇದೆ. ಆ ಮೂರು ವರ್ಷ ಥರ್ಡ್ ಪಾರ್ಟಿಗೆ ಮಾತ್ರ ಎಂಬುದನ್ನು ಮರೆತು, ಎಲ್ಲ ರಕ್ಷಣೆಯೂ ಇದೆ ಎಂದು ನಂಬಿ, ಎರಡನೇ ವರ್ಷ ಸ್ವಂತ ಹಾನಿಯ ವಿಮೆಯನ್ನು ನವೀಕರಿಸದೆ ಬಿಟ್ಟವರಿದ್ದಾರೆ. ಸ್ವಂತ ಹಾನಿಯ ಭಾಗ ಸಾಮಾನ್ಯವಾಗಿ ಒಂದೇ ವರ್ಷದ್ದು. ನಿಮ್ಮ ಪಾಲಿಸಿಯಲ್ಲಿ ಎರಡಕ್ಕೂ ಪ್ರತ್ಯೇಕ ಮುಕ್ತಾಯ ದಿನಾಂಕ ಬರೆದಿರುತ್ತದೆ, ಎರಡನ್ನೂ ನೋಡಿಕೊಳ್ಳಿ.

ಎರಡು ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಬೇಕು. ಚಾಲನಾ ಪರವಾನಗಿ ಇಲ್ಲದವರ ಕೈಗೆ ಕೀಲಿ ಕೊಟ್ಟು ಅಪಘಾತವಾದರೆ, ಸುಪ್ರೀಂ ಕೋರ್ಟಿನ 2004ರ ಸ್ವರಣ್ ಸಿಂಗ್ ತೀರ್ಪಿನ ಅನ್ವಯ ಕಂಪನಿ ಸಂತ್ರಸ್ತರಿಗೆ ಮೊದಲು ಹಣ ಕೊಟ್ಟು, ಆಮೇಲೆ ಅದನ್ನು ಕಾರಿನ ಮಾಲೀಕರಿಂದ ವಸೂಲು ಮಾಡುವಂತೆ ನ್ಯಾಯಮಂಡಳಿ ಆದೇಶಿಸಬಹುದು. ಸಂಬಂಧಿಕರ ಹುಡುಗನಿಗೆ ದಾಕ್ಷಿಣ್ಯಕ್ಕೆ ಕಾರು ಕೊಡುವ ಮುನ್ನ ಮೇಲಿನ 86 ಲಕ್ಷದ ಲೆಕ್ಕವನ್ನು ನೆನೆಯಬೇಕು. ಇನ್ನೊಂದು, ಕಾರಿನೊಳಗೆ ಕುಳಿತವರ ವಿಷಯ. ಬರೀ ಥರ್ಡ್ ಪಾರ್ಟಿ ಪಾಲಿಸಿ ಖಾಸಗಿ ಕಾರಿನೊಳಗಿನ ಪ್ರಯಾಣಿಕರಿಗೆ ರಕ್ಷಣೆ ಕೊಡುವುದಿಲ್ಲ, ಸ್ವಂತ ಹಾನಿಯೂ ಸೇರಿದ ಪ್ಯಾಕೇಜ್ ಪಾಲಿಸಿ ಕೊಡುತ್ತದೆ ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 2012ರ ಬಾಲಕೃಷ್ಣನ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಹಳೆಯ ಕಾರು, ಥರ್ಡ್ ಪಾರ್ಟಿ ಇದ್ದರೆ ಸಾಕು ಎನ್ನುವವರು ಆ ಕಾರಿನಲ್ಲಿ ಯಾರನ್ನು ಕೂರಿಸಿಕೊಂಡು ಹೋಗುತ್ತಾರೆ ಎಂಬುದನ್ನೂ ಯೋಚಿಸಬೇಕಾಗುತ್ತದೆ.

ಮಾಲೀಕರೇ ಓಡಿಸುವಾಗ

ಥರ್ಡ್ ಪಾರ್ಟಿ ವಿಮೆ ಮಾಲೀಕರಿಗೆ ಅನ್ವಯವಾಗದ ಕಾರಣ, ಕಾರು ಓಡಿಸುವ ಮಾಲೀಕರಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಯನ್ನು ಕಡ್ಡಾಯ ಮಾಡಲಾಗಿದೆ. ಸಾವು, ಎರಡು ಕೈಕಾಲು ಅಥವಾ ಎರಡೂ ಕಣ್ಣುಗಳ ನಷ್ಟ, ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ ಪೂರ್ತಿ ಮೊತ್ತ. ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣಿಗೆ ಅರ್ಧ. ಆಸ್ಪತ್ರೆಯ ಖರ್ಚು ಇದರಲ್ಲಿ ಬರುವುದಿಲ್ಲ, ಅದಕ್ಕೆ ಆರೋಗ್ಯ ವಿಮೆಯೇ ಬೇಕು. 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಈಗಾಗಲೇ ಇರುವವರು ಅದನ್ನು ತಿಳಿಸಿ ಈ ಭಾಗವನ್ನು ಬಿಡಬಹುದು. ಎರಡು ಕಾರಿರುವವರು ಎರಡಕ್ಕೂ ಕಟ್ಟಬೇಕಿಲ್ಲ. ಆರ್‌ಸಿಯಲ್ಲಿ ಹೆಸರಿರುವ ಮಾಲೀಕರಿಗೆ ಮಾತ್ರ, ಅದೂ ಚಾಲ್ತಿಯಲ್ಲಿರುವ ಪರವಾನಗಿ ಇದ್ದರೆ ಮಾತ್ರ ಇದು ಸಲ್ಲುತ್ತದೆ. ತಂದೆಯ ಹೆಸರಿನ ಕಾರನ್ನು ಮಗಳು ದಿನಾ ಓಡಿಸುತ್ತಿದ್ದರೆ ಅವಳಿಗೆ ಈ ರಕ್ಷಣೆ ಇಲ್ಲ. ಅವಳಿಗೆ ಬೇರೆಯಾಗಿ ಅಪಘಾತ ವಿಮೆ ಮಾಡಿಸುವುದು ಹೆಚ್ಚು ಖರ್ಚಿನ ಬಾಬ್ತೇನಲ್ಲ.

ಸ್ವಂತ ಕಾರಿನ ಹಾನಿ: ಐಡಿವಿ ಎಂಬ ಅಡಿಗಲ್ಲು

ಅಪಘಾತ, ಬೆಂಕಿ, ಕಳವು, ಗಲಭೆ, ಪ್ರವಾಹ, ಬಿರುಗಾಳಿ, ಭೂಕಂಪ, ಭೂಕುಸಿತ, ಸಾಗಣೆಯ ವೇಳೆಯ ಹಾನಿ ಇವೆಲ್ಲ ಸ್ವಂತ ಹಾನಿಯ ಭಾಗದಲ್ಲಿ ಬರುತ್ತವೆ. ಈ ಭಾಗದ ದರವನ್ನು 2007ರ ಜನವರಿ 1ರಿಂದ ಕಂಪನಿಗಳ ವಿವೇಚನೆಗೆ ಬಿಡಲಾಗಿದೆ. ಕಾರಿನ ಮಾದರಿ, ವಯಸ್ಸು, ಎಂಜಿನ್ ಸಾಮರ್ಥ್ಯ, ನೋಂದಣಿಯಾದ ಊರು ಇವುಗಳ ಮೇಲೆ ಮೂಲ ದರ ನಿಂತಿರುತ್ತದೆ. ಅದರ ಮೇಲೆ ಕಂಪನಿ ತನಗೆ ತೋಚಿದಷ್ಟು ರಿಯಾಯಿತಿ ಕೊಡುತ್ತದೆ. ಈ ರಿಯಾಯಿತಿ ನಿಜವಾದದ್ದೋ ಅಥವಾ ಐಡಿವಿ, ಅಂದರೆ ಪಾಲಿಸಿಯಲ್ಲಿ ಕಾರಿಗೆ ಘೋಷಿಸಿದ ಬೆಲೆ, ಇಳಿಸಿದ್ದರಿಂದ ಹಾಗೆ ಕಾಣುತ್ತಿದೆಯೋ ಎಂಬುದನ್ನು ಪತ್ತೆ ಹಚ್ಚುವುದೇ ಹೋಲಿಕೆಯ ಮುಖ್ಯ ಕೆಲಸ.

ಐಡಿವಿ ಎಂದರೆ ಕಾರು ಕಳುವಾದರೆ ಅಥವಾ ದುರಸ್ತಿಗೆ ಮೀರಿ ಹಾಳಾದರೆ ಕಂಪನಿ ಕೊಡುವ ಗರಿಷ್ಠ ಮೊತ್ತ. ತಯಾರಕರು ಪ್ರಕಟಿಸಿದ ಬೆಲೆಯಿಂದ ಸವಕಳಿಯನ್ನು ಕಳೆದು ಇದನ್ನು ಗೊತ್ತುಪಡಿಸುತ್ತಾರೆ. ಆರು ತಿಂಗಳೊಳಗಿನ ಕಾರಿಗೆ ಸವಕಳಿ ಶೇ. 5, ಒಂದು ವರ್ಷದವರೆಗೆ ಶೇ. 15, ಎರಡು ವರ್ಷದವರೆಗೆ ಶೇ. 20, ಆಮೇಲೆ ವರ್ಷಕ್ಕೆ ಹತ್ತರಂತೆ ಏರಿ ನಾಲ್ಕರಿಂದ ಐದು ವರ್ಷದ ಕಾರಿಗೆ ಶೇ. 50. ಐದು ವರ್ಷ ದಾಟಿದ ಮೇಲೆ ಕಂಪನಿಯೂ ಮಾಲೀಕರೂ ಮಾತಾಡಿ ಒಪ್ಪಿಕೊಂಡದ್ದೇ ಐಡಿವಿ.

10 ಲಕ್ಷ ಬೆಲೆಯ, ಎರಡೂವರೆ ವರ್ಷದ ಕಾರಿನ ಐಡಿವಿ ಈ ಪಟ್ಟಿಯ ಪ್ರಕಾರ 7 ಲಕ್ಷ. ಅಗ್ಗದ ದರ ತೋರಿಸುವವರು ಅದನ್ನು 5.5 ಲಕ್ಷಕ್ಕೆ ಇಳಿಸಿರಬಹುದು. ಬಂಪರ್ ಒಡೆದರೆ, ಬಾಗಿಲು ತಗ್ಗಾದರೆ ಇದರಿಂದ ಯಾವ ತೊಂದರೆಯೂ ಇಲ್ಲ, ದುರಸ್ತಿಯ ಹಣ ಅಷ್ಟೇ ಬರುತ್ತದೆ. ಹಾಗಾಗಿ ಎಷ್ಟೋ ವರ್ಷ ಈ ಕೊರತೆ ಗಮನಕ್ಕೇ ಬರುವುದಿಲ್ಲ. ಕಾರು ಕಳುವಾದ ದಿನ ಮಾತ್ರ ಒಂದೂವರೆ ಲಕ್ಷ ಕಡಿಮೆ ಬರುತ್ತದೆ. ದುರಸ್ತಿ ವೆಚ್ಚ ಐಡಿವಿಯ ಶೇ. 75ನ್ನು ದಾಟಿದರೆ ಕಾರನ್ನು ‘ಟೋಟಲ್ ಲಾಸ್’ ಎಂದು ಪರಿಗಣಿಸುವ ನಿಯಮವೂ ಇದೆ. 7 ಲಕ್ಷದ ಐಡಿವಿಗೆ ಆ ಗಡಿ 5.25 ಲಕ್ಷವಾದರೆ, 5.5 ಲಕ್ಷದ ಐಡಿವಿಗೆ 4,12,500. ಅಂದರೆ 4.5 ಲಕ್ಷ ಖರ್ಚು ಮಾಡಿ ಸರಿಪಡಿಸಬಹುದಾಗಿದ್ದ ಕಾರು, ಐಡಿವಿ ಇಳಿಸಿದ ಒಂದೇ ಕಾರಣಕ್ಕೆ ಗುಜರಿ ಸೇರಬಹುದು. ಇಷ್ಟಕ್ಕೆಲ್ಲ ಪ್ರೀಮಿಯಂನಲ್ಲಿ ಉಳಿದದ್ದು ಕೆಲವು ಸಾವಿರ ರೂಪಾಯಿ. ಸಣ್ಣ ನಷ್ಟಕ್ಕೆ ಪೂರ್ತಿ ರಕ್ಷಣೆ ಇಟ್ಟುಕೊಂಡು ದೊಡ್ಡ ನಷ್ಟಕ್ಕೆ ಅರೆರಕ್ಷಣೆ ಮಾಡಿಕೊಳ್ಳುವ ಈ ಆಯ್ಕೆ ತೀರಾ ತಲೆಕೆಳಗಾದದ್ದು.

ಬ್ಯಾಂಕ್ ಸಾಲದ ಮೇಲೆ ಕೊಂಡ ಕಾರಾದರೆ ಇನ್ನೂ ಹೆಚ್ಚಿನ ಜಾಗ್ರತೆ ಬೇಕು. ಟೋಟಲ್ ಲಾಸ್ ಹಣ ಮೊದಲು ಹೋಗುವುದು ಬ್ಯಾಂಕಿಗೆ, ಮತ್ತು ಐಡಿವಿಯಲ್ಲಿ ರಸ್ತೆ ತೆರಿಗೆ, ನೋಂದಣಿ ವೆಚ್ಚ ಸೇರಿರುವುದಿಲ್ಲ. ಆ ಖರ್ಚಿಗೂ ಸೇರಿಸಿ ಸಾಲ ಮಾಡಿದ್ದರೆ ಕಾರು ಹೋದ ಮೇಲೂ ಕಂತು ಉಳಿಯುವ ಸಂಭವವಿದೆ. ಆಜೀವ ತೆರಿಗೆ ದುಬಾರಿಯಾಗಿರುವ ನಮ್ಮ ರಾಜ್ಯದಲ್ಲಿ ಈ ಅಂತರ ಸಣ್ಣದಲ್ಲ. ಇದನ್ನು ತುಂಬಿಕೊಡುವ ‘ರಿಟರ್ನ್ ಟು ಇನ್‌ವಾಯ್ಸ್’ ಎಂಬ ಹೆಚ್ಚುವರಿ ರಕ್ಷಣೆ ಹೊಸ ಕಾರುಗಳಿಗೆ ಸಿಗುತ್ತದೆ. ದೊಡ್ಡ ಸಾಲವಿರುವವರು ಮೊದಲ ಎರಡು ಮೂರು ವರ್ಷ ಇದನ್ನು ಇಟ್ಟುಕೊಳ್ಳುವುದು ಸೂಕ್ತ.

ಗ್ಯಾರೇಜಿನ ಬಿಲ್ಲಿನಲ್ಲಿ ನಡೆಯುವುದೇನು

ಭಾಗಶಃ ಹಾನಿಯಾದಾಗ ಹಳೆಯ ಬಿಡಿಭಾಗವನ್ನು ತೆಗೆದು ಹೊಸದನ್ನು ಹಾಕುತ್ತಾರಲ್ಲ, ಅದರ ಬೆಲೆಯಲ್ಲಿ ಹಳತಿನ ಸವಕಳಿಯನ್ನು ಕಂಪನಿ ಕಳೆಯುತ್ತದೆ. ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿ, ಏರ್‌ಬ್ಯಾಗ್ ಇವಕ್ಕೆ ಕಾರಿನ ವಯಸ್ಸು ಎಷ್ಟೇ ಇರಲಿ ಶೇ. 50 ಕಡಿತ, ಫೈಬರ್ ಗ್ಲಾಸಿಗೆ ಶೇ. 30; ಗಾಜಿಗೆ ಕಡಿತವಿಲ್ಲ. ಲೋಹದ ಭಾಗಗಳಿಗೆ ವಯಸ್ಸಿಗೆ ತಕ್ಕಂತೆ ಏರುತ್ತಾ ಹೋಗಿ, ಹತ್ತು ವರ್ಷ ದಾಟಿದ ಕಾರಿಗೆ ಶೇ. 50 ಮುಟ್ಟುತ್ತದೆ.

1,500 ಸಿಸಿ ಒಳಗಿನ, ಮೂರೂವರೆ ವರ್ಷದ ಕಾರೊಂದು ಮುಂದಿನ ಲಾರಿಯ ಹಿಂಬದಿಗೆ ತಾಗಿತು ಎನ್ನೋಣ. ಬಂಪರ್ 12,000, ಹೆಡ್‌ಲೈಟ್ 8,000, ಬಾನೆಟ್ ಮತ್ತು ಫೆಂಡರ್ 16,000, ಮುಂದಿನ ಗಾಜು 9,000, ಪೇಂಟಿಂಗ್ 12,000, ಕೂಲಿ 5,000. ತೆರಿಗೆ ಬದಿಗಿಟ್ಟರೆ ಒಟ್ಟು 62,000 ರೂಪಾಯಿ. ಬಂಪರ್ ಮತ್ತು ಹೆಡ್‌ಲೈಟ್ ಪ್ಲಾಸ್ಟಿಕ್ ಆದ್ದರಿಂದ ಅರ್ಧ, ಅಂದರೆ 10,000 ಕಡಿತ. ಲೋಹದ ಭಾಗಗಳಿಗೆ ಈ ವಯಸ್ಸಿನಲ್ಲಿ ಶೇ. 25ರಂತೆ 4,000. ಪೇಂಟಿಂಗ್ ಬಿಲ್ಲಿನ ಕಾಲು ಭಾಗವನ್ನು ಬಣ್ಣದ ಸಾಮಗ್ರಿ ಎಂದು ಲೆಕ್ಕ ಹಿಡಿದು ಅದರಲ್ಲಿ ಅರ್ಧ, 1,500. ಗಾಜು, ಕೂಲಿಗೆ ಕಡಿತವಿಲ್ಲ. ಇದರ ಮೇಲೆ ಪ್ರತಿ ಕ್ಲೇಮಿಗೂ ಮಾಲೀಕರೇ ಭರಿಸಬೇಕಾದ ಕಡ್ಡಾಯ ಪಾಲು 1,000 ರೂಪಾಯಿ. 1,500 ಸಿಸಿ ಮೇಲಿನ ಕಾರಾಗಿದ್ದರೆ 2,000. ಕೊನೆಗೆ ಕಂಪನಿ ಕೊಡುವುದು 45,500, ಕೈಯಿಂದ ಹೋಗುವುದು 16,500 ರೂಪಾಯಿ.

‘ಬಂಪರ್ ಟು ಬಂಪರ್’ ಎಂದು ಜನ ಕರೆಯುವ ಝೀರೋ ಡೆಪ್ರಿಸಿಯೇಷನ್ ರಕ್ಷಣೆ, ಅಂದರೆ ಸವಕಳಿ ಕಳೆಯದೆ ಹಣ ಕೊಡುವ ರಕ್ಷಣೆ, ಇದ್ದಿದ್ದರೆ ಇದರಲ್ಲಿ 15,500 ಉಳಿಯುತ್ತಿತ್ತು, ಕಡ್ಡಾಯ ಪಾಲಿನ 1,000 ಮಾತ್ರ ಹೋಗುತ್ತಿತ್ತು. ಈಗಿನ ಕಾರುಗಳ ಮುಂಭಾಗ, ಹಿಂಭಾಗ ಬಹುಪಾಲು ಪ್ಲಾಸ್ಟಿಕ್ಕಿನದೇ ಆದ್ದರಿಂದ ಮೊದಲ ಐದು ವರ್ಷ ಈ ಹೆಚ್ಚುವರಿ ರಕ್ಷಣೆ ಕೊಟ್ಟ ಹಣಕ್ಕೆ ಯೋಗ್ಯ ಎಂದು ನಾನು ಭಾವಿಸುತ್ತೇನೆ. ವರ್ಷಕ್ಕೆ ಎಷ್ಟು ಕ್ಲೇಮಿಗೆ ಇದು ಸಲ್ಲುತ್ತದೆ ಎಂಬ ಮಿತಿ ಒಂದೊಂದು ಕಂಪನಿಯಲ್ಲಿ ಒಂದೊಂದು ರೀತಿ ಇರುವುದರಿಂದ ಅದನ್ನು ಓದಿಕೊಳ್ಳಬೇಕು. ನಟ್ಟು, ಬೋಲ್ಟು, ಎಂಜಿನ್ ಆಯಿಲ್, ಕೂಲೆಂಟ್‌ಗಳ ಖರ್ಚು ಇದರಲ್ಲೂ ಬರುವುದಿಲ್ಲ. ಅವುಗಳಿಗೆ ಬೇರೆ ರಕ್ಷಣೆ ಮಾರುತ್ತಾರೆ, ಆದರೆ ಅಷ್ಟು ಸಣ್ಣ ಮೊತ್ತಕ್ಕೆ ವಿಮೆ ಕೊಳ್ಳಬೇಕೇ ಎಂಬುದು ಪ್ರಶ್ನೆ.

ಮಳೆನೀರು ಮತ್ತು ಎಂಜಿನ್

ಪ್ರವಾಹ ಪಾಲಿಸಿಯಲ್ಲಿ ಬರುತ್ತದೆ ಎಂದು ಮೇಲೆ ಹೇಳಿದೆ. ಹಾಗಿದ್ದರೂ 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಕಾರುಗಳು ಮುಳುಗಿ ನಿಂತಂಥ ಸಂದರ್ಭದಲ್ಲಿ ಎಂಜಿನ್ ದುರಸ್ತಿಯ ಹಣ ಸಿಗದೆ ಹೋಗಬಹುದು. ಕಾರಣ ಎಂಜಿನ್ನಿನ ಕೆಲಸದ ರೀತಿಯಲ್ಲಿದೆ. ನಿಂತ ನೀರಿನಲ್ಲಿ ಕಾರು ಓಡಿಸಿದರೆ ಅಥವಾ ಮುಳುಗಿದ ಕಾರನ್ನು ಸ್ಟಾರ್ಟ್ ಮಾಡಿದರೆ ಗಾಳಿ ಎಳೆದುಕೊಳ್ಳುವ ಕೊಳವೆಯಿಂದ ಸಿಲಿಂಡರಿಗೆ ನೀರು ನುಗ್ಗುತ್ತದೆ. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ; ಮೇಲೇರುವ ಪಿಸ್ಟನ್ ಅದಕ್ಕೆ ಗುದ್ದಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಈ ಹಾನಿ ನೇರವಾಗಿ ಪ್ರವಾಹದಿಂದ ಆದದ್ದಲ್ಲ, ಸ್ಟಾರ್ಟ್ ಮಾಡಿದ್ದರಿಂದ ಆದ ಮುಂದಿನ ಪರಿಣಾಮ ಎಂಬುದು ಕಂಪನಿಗಳ ವಾದ, ಮತ್ತು ಪರಿಣಾಮಜನ್ಯ ನಷ್ಟ ಪಾಲಿಸಿಯ ಹೊರಗಿಟ್ಟ ಅಂಶಗಳಲ್ಲಿ ಒಂದು. ‘ಎಂಜಿನ್ ಪ್ರೊಟೆಕ್ಟ್’ ರಕ್ಷಣೆ ಇರುವುದು ಇದಕ್ಕೇ. ತಗ್ಗು ಪ್ರದೇಶದಲ್ಲಿ ಮನೆಯಿದ್ದು ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವವರಿಗೆ ಇದು ಬೇಕೇ ಬೇಕು. ಗುಡ್ಡದ ಮೇಲಿನ ಮನೆಯವರು ಬಿಡಬಹುದು. ಎರಡೂ ಸಂದರ್ಭದಲ್ಲಿ ನೀರಿನಲ್ಲಿ ನಿಂತ ಕಾರಿನ ಕೀಲಿಯನ್ನು ತಿರುಗಿಸಲೇಬಾರದು. ಫೋಟೊ ತೆಗೆದು, ಕಂಪನಿಗೆ ತಿಳಿಸಿ, ಗ್ಯಾರೇಜಿಗೆ ಎಳೆಸಿಕೊಂಡು ಹೋಗಬೇಕು.

ಕುಡಿದು ಓಡಿಸುವುದು, ಪರವಾನಗಿ ಇಲ್ಲದೆ ಓಡಿಸುವುದು, ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಬಿಡುವುದು, ಯಾಂತ್ರಿಕ ಅಥವಾ ವಿದ್ಯುತ್ ದೋಷ, ಸಹಜ ಸವೆತ ಇವೆಲ್ಲ ಪಾಲಿಸಿಯ ಹೊರಗೆ. ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಹಾಕಿಸಿದವರು ಆರ್‌ಸಿಯಲ್ಲಿಯೂ ಪಾಲಿಸಿಯಲ್ಲಿಯೂ ಅದನ್ನು ನಮೂದಿಸದಿದ್ದರೆ ಕ್ಲೇಮ್ ವೇಳೆ ತಕರಾರು ಏಳುವುದು ಖಂಡಿತ.

ಕ್ಲೇಮ್ ಮಾಡದೆ ಇರುವುದೂ ಒಂದು ಆಯ್ಕೆ

ಕ್ಲೇಮ್ ಇಲ್ಲದೆ ಒಂದು ವರ್ಷ ಕಳೆದರೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ. 20 ರಿಯಾಯಿತಿ ಸಿಗುತ್ತದೆ. ಅದೇ ನೋ ಕ್ಲೇಮ್ ಬೋನಸ್. ಎರಡನೇ ವರ್ಷ ಶೇ. 25, ನಂತರ 35, 45, ಐದನೇ ವರ್ಷದಿಂದ 50. ಒಂದು ಕ್ಲೇಮ್ ಮಾಡಿದರೆ ಇಡೀ ಬೋನಸ್ ಸೊನ್ನೆಗೆ ಇಳಿಯುತ್ತದೆ, ಮತ್ತೆ ಮೊದಲಿನಿಂದ ಹತ್ತಬೇಕು. ಹಾಗಾಗಿ ಕ್ಲೇಮಿನ ನಿಜವಾದ ಬೆಲೆ ಗ್ಯಾರೇಜಿನ ಬಿಲ್ಲಿನಲ್ಲಿ ಪೂರ್ತಿ ಕಾಣುವುದಿಲ್ಲ.

ಬೋನಸ್ ಕಳೆಯುವ ಮೊದಲಿನ ಸ್ವಂತ ಹಾನಿಯ ಪ್ರೀಮಿಯಂ 12,000 ರೂಪಾಯಿ, ಈಗಿನ ಬೋನಸ್ ಶೇ. 50 ಇದೆ ಎನ್ನಿ. ಕ್ಲೇಮ್ ಮಾಡಿದ ಮುಂದಿನ ವರ್ಷ 6,000 ರೂಪಾಯಿ ಹೆಚ್ಚು ಕಟ್ಟಬೇಕು. ಅದರ ನಂತರ ಬೋನಸ್ ಶೇ. 20ಕ್ಕೆ ಏರಿದರೂ 3,600 ಹೆಚ್ಚು, ಆಮೇಲೆ 3,000, 1,800, 600. ಪ್ರೀಮಿಯಂ ಹಾಗೇ ಇದೆ ಎಂದುಕೊಂಡರೆ ಐದು ವರ್ಷದಲ್ಲಿ ಒಟ್ಟು 15,000 ರೂಪಾಯಿ. ಐಡಿವಿ ಇಳಿದಂತೆ ಪ್ರೀಮಿಯಂ ಇಳಿದರೆ ಸ್ವಲ್ಪ ಕಡಿಮೆ. ಪಾರ್ಕಿಂಗಿನಲ್ಲಿ ತಾಗಿ ಆದ 8,000 ರೂಪಾಯಿಯ ಗೀರಿಗೆ ಕ್ಲೇಮ್ ಮಾಡುವುದರಲ್ಲಿ ಲಾಭವಿಲ್ಲ ಎಂಬುದು ಇದರಿಂದ ಕಾಣುತ್ತದೆ. ಗ್ಯಾರೇಜಿನವರು ‘ಇನ್ಶೂರೆನ್ಸಿನಲ್ಲೇ ಮಾಡಿಸಿಬಿಡಿ ಸಾರ್’ ಎನ್ನುತ್ತಾರೆ, ಏಕೆಂದರೆ ಅವರಿಗೆ ಬಿಲ್ಲು ಹಿಗ್ಗುತ್ತದೆ; ಬೋನಸ್ ಹೋಗುವುದು ನಿಮ್ಮದು.

ಈ ಬೋನಸ್ ಕಾರಿನದ್ದಲ್ಲ, ಮಾಲೀಕರದ್ದು. ಹಳೆಯ ಕಾರು ಮಾರಿ ಹೊಸದು ಕೊಳ್ಳುವಾಗ ಕಂಪನಿಯಿಂದ ಪತ್ರ ಪಡೆದು ಹೊಸ ಕಾರಿಗೆ ವರ್ಗಾಯಿಸಿಕೊಳ್ಳಬಹುದು. ಹೊಸ ಕಾರಿನ ಪ್ರೀಮಿಯಂ ದೊಡ್ಡದಾದ್ದರಿಂದ ಅಲ್ಲಿ ಶೇ. 50 ಎಂದರೆ ಗಣನೀಯ ಮೊತ್ತ. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಬೋನಸ್ ಪೂರ್ತಿ ಹೋಗುತ್ತದೆ. ಕೊಂಡವರ ಕಡೆಯಿಂದ ಹೇಳುವುದಾದರೆ, ಸೆಕೆಂಡ್ ಹ್ಯಾಂಡ್ ಕಾರು ಕೈಗೆ ಬಂದ 14 ದಿನದೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಥರ್ಡ್ ಪಾರ್ಟಿ ರಕ್ಷಣೆ ಕಾನೂನಿನ ಬಲದಿಂದ ತಾನಾಗಿ ವರ್ಗವಾದರೂ ಸ್ವಂತ ಹಾನಿಯ ರಕ್ಷಣೆ ಹಾಗೆ ವರ್ಗವಾಗುವುದಿಲ್ಲ.

ಪ್ರೀಮಿಯಂ ಇಳಿಸಲೇಬೇಕೆಂದಿದ್ದರೆ ಐಡಿವಿ ಮುಟ್ಟದೆ, ಸ್ವಯಂಪ್ರೇರಿತವಾಗಿ ಹೆಚ್ಚಿನ ಪಾಲನ್ನು ಹೊತ್ತುಕೊಳ್ಳುವುದು ಮೇಲು. ಮೂಲ ದರಪಟ್ಟಿಯಲ್ಲಿ ಪ್ರತಿ ಕ್ಲೇಮಿಗೆ 15,000 ರೂಪಾಯಿ ತಾನೇ ಭರಿಸುತ್ತೇನೆ ಎಂದು ಒಪ್ಪಿಕೊಂಡವರಿಗೆ ಗರಿಷ್ಠ 2,500 ರೂಪಾಯಿ ರಿಯಾಯಿತಿ ಇತ್ತು. ಆರು ವರ್ಷಕ್ಕೆ ಒಂದಕ್ಕಿಂತ ಕಡಿಮೆ ಕ್ಲೇಮ್ ಮಾಡುವವರಿಗೆ ಇದು ಗಿಟ್ಟುತ್ತದೆ, ಮತ್ತು ದೊಡ್ಡ ನಷ್ಟದ ರಕ್ಷಣೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಹತ್ತು ವರ್ಷ ದಾಟಿ ಐಡಿವಿ ಒಂದೂವರೆ ಲಕ್ಷಕ್ಕೆ ಇಳಿದ ಕಾರಿನ ಮಾಲೀಕರು, ಆ ಮೊತ್ತ ಹೋದರೂ ತಾಳಿಕೊಳ್ಳಬಲ್ಲವರಾದರೆ, ಸ್ವಂತ ಹಾನಿಯ ಭಾಗವನ್ನೇ ಬಿಡುವ ಬಗ್ಗೆ ಯೋಚಿಸಬಹುದು. ಒಳಗೆ ಕೂರುವವರ ರಕ್ಷಣೆಯ ಪ್ರಶ್ನೆಯನ್ನು ಆಗ ಬೇರೆ ಬಗೆಯಲ್ಲಿ ಪರಿಹರಿಸಿಕೊಳ್ಳಬೇಕು.

ಕ್ಲೇಮ್ ಮಾಡುವಾಗ, ಮತ್ತು ಅದು ತಿರಸ್ಕೃತವಾದಾಗ

ಅಪಘಾತವಾದ ಕೂಡಲೇ ಕಂಪನಿಗೆ ತಿಳಿಸಬೇಕು, ಸರ್ವೆ ಆಗುವವರೆಗೆ ದುರಸ್ತಿಗೆ ಕೈ ಹಾಕಬಾರದು. 50,000 ರೂಪಾಯಿ ಮೀರಿದ ಹಾನಿಯನ್ನು ಪರವಾನಗಿ ಪಡೆದ ಸರ್ವೇಯರ್ ಅಂದಾಜು ಮಾಡುತ್ತಾರೆ. ಕಾರು ಕಳುವಾದರೆ ತಡಮಾಡದೆ ಎಫ್‌ಐಆರ್ ದಾಖಲಿಸುವುದು ಎಲ್ಲಕ್ಕಿಂತ ಮುಖ್ಯ. ಪೊಲೀಸರಿಗೆ ತಕ್ಷಣ ದೂರು ಕೊಟ್ಟಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತು ಎಂಬ ಒಂದೇ ಕಾರಣಕ್ಕೆ ಕಳವಿನ ಕ್ಲೇಮನ್ನು ತಿರಸ್ಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಗುರ್‌ಶಿಂದರ್ ಸಿಂಗ್ ಪ್ರಕರಣದಲ್ಲಿ ತೀರ್ಪು ನೀಡಿದೆ. ಕಳವಿನ ಪ್ರಕರಣದಲ್ಲಿ ಕಾರಿನ ಎರಡೂ ಕೀಲಿಗಳನ್ನು ಕೇಳುತ್ತಾರೆ. ಒಂದು ಕೀಲಿ ಕಳೆದುಹೋದರೆ ಆಗಲೇ ಪೊಲೀಸರಿಗೆ ತಿಳಿಸಿ ದಾಖಲೆ ಇಟ್ಟುಕೊಂಡಿರಬೇಕು. ಕಾರು ಪತ್ತೆಯಾಗಿಲ್ಲವೆಂಬ ಪೊಲೀಸರ ಅಂತಿಮ ವರದಿ ಬಂದ ಮೇಲೆ ಹಣ ಬರುವುದರಿಂದ ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ.

ಕ್ಲೇಮ್ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಪಡೆದು, ಪಾಲಿಸಿಯ ಯಾವ ಷರತ್ತಿನ ಆಧಾರದ ಮೇಲೆ ಎಂದು ಕೇಳಿ, ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಬೇಕು. ದಾಖಲೆಗಳ ಕೊರತೆಯ ನೆಪವೊಡ್ಡಿ ಕ್ಲೇಮ್ ತಿರಸ್ಕರಿಸಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಜೂನ್ ಸುತ್ತೋಲೆಯಲ್ಲಿ ಹೇಳಿರುವುದನ್ನು ಆ ದೂರಿನಲ್ಲಿ ಉಲ್ಲೇಖಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ, ವಿಮಾ ದೂರುಗಳನ್ನು ಇತ್ಯರ್ಥಪಡಿಸುವ ಅಧಿಕಾರಿಯಾದ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದವರಿಗೆ ಬೆಂಗಳೂರಿನಲ್ಲಿಯೇ ಕಚೇರಿ ಇದೆ. ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ, 50 ಲಕ್ಷ ರೂಪಾಯಿವರೆಗಿನ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ, ಮತ್ತು ಅವರ ತೀರ್ಪಿಗೆ ಕಂಪನಿ ಬದ್ಧ. ಆದರೆ ಅದೇ ವಿಷಯದಲ್ಲಿ ಗ್ರಾಹಕರ ಆಯೋಗದಲ್ಲಿಯೋ ನ್ಯಾಯಾಲಯದಲ್ಲಿಯೋ ಈಗಾಗಲೇ ಮೊಕದ್ದಮೆ ಹೂಡಿದ್ದರೆ ಓಂಬುಡ್ಸ್‌ಮನ್ ಅದನ್ನು ಕೈಗೆತ್ತಿಕೊಳ್ಳುವುದಿಲ್ಲ. ಆದ್ದರಿಂದ ಮೊದಲು ಓಂಬುಡ್ಸ್‌ಮನ್, ಅಲ್ಲಿ ತೃಪ್ತಿಯಾಗದಿದ್ದರೆ ಗ್ರಾಹಕರ ಆಯೋಗ ಎಂಬ ಕ್ರಮವನ್ನು ಇಟ್ಟುಕೊಂಡರೆ ಎರಡು ದಾರಿಗಳೂ ತೆರೆದಿರುತ್ತವೆ.